ಕತ್ತಿನ ಭಾರ

ಹೆಣ್ಣಿನ ಕತ್ತಿಗೆ ಏನನ್ನಾದರೂ ತೂಗುಹಾಕದೆ ನಮ್ಮ ಜನಕ್ಕೆ ಸಮಾಧಾನವಿಲ್ಲ. ಚಿಕ್ಕಂದಿನಲ್ಲಿ ಮಣಿಸರ, ಮದುವೆಯಲ್ಲಿ ಮಾಂಗಲ್ಯ, ಕೆಲಸಕ್ಕೆ ಸೇರಿದ ಮೇಲೆ ಕಾಲೇಜಿನ ಗುರುತಿನ ಚೀಟಿ. ನಲವತ್ತೈದು ವರ್ಷ ಇವನ್ನೆಲ್ಲ ಹೊತ್ತ ನನ್ನ ಕತ್ತು ಈಗ ವೈದ್ಯರು ಕೊಟ್ಟ ಪಟ್ಟಿಯೊಂದನ್ನೂ ಆಗಾಗ ಹೊರುತ್ತದೆ. ಉತ್ತರಪತ್ರಿಕೆಗಳ ಮೇಲೆ ಬಗ್ಗಿ ಬಗ್ಗಿ ಸಂಪಾದಿಸಿದ ನೋವು ಅದು. ಆದ್ದರಿಂದ ಕತ್ತಿನ ವಿಚಾರದಲ್ಲಿ ಮಾತನಾಡುವ ಅಧಿಕಾರ ನನಗುಂಟೆಂದು ವಾಚಕರು ಒಪ್ಪಬೇಕು. ಆದರೆ ಆ ಅಧಿಕಾರವನ್ನು ಅಮೆರಿಕದ ಬೇಟೆ ಸಾಮಾನಿನ ಅಂಗಡಿಯೊಂದರಲ್ಲಿ ಚಲಾಯಿಸಬೇಕಾದೀತೆಂದು ನಾನು ಕನಸಿನಲ್ಲಿಯೂ ಎಣಿಸಿರಲಿಲ್ಲ.

ನನ್ನ ತಂಗಿ ಇರುವುದು ಕೊಲೊರಾಡೊ ರಾಜ್ಯದ ಡೆನ್ವರಿನಲ್ಲಿ. ಸಮುದ್ರಮಟ್ಟಕ್ಕಿಂತ 5,280 ಅಡಿ ಎತ್ತರದ ಊರು. ಪಶ್ಚಿಮಕ್ಕೆ ತಿರುಗಿದರೆ ರಾಕಿ ಪರ್ವತಗಳು. ಹೋದ ವರ್ಷ ಬೇಸಗೆ ರಜೆಯಲ್ಲಿ ಅವಳ ಮನೆಗೆ ಹೋಗಿದ್ದೆ. ಮೂರನೆಯ ದಿನ ಕಾಫಿ ಕುಡಿಯುತ್ತಾ ಅವಳು, “ಅಕ್ಕ, ನಾಳೆ ನನ್ನ ಜೊತೆ ಅಂಗಡಿಗೆ ಬರ್ತೀಯಾ? ದುರ್ಬೀನಿಗೆ ಒಂದು ಹಾರ್ನೆಸ್ ತಗೋಬೇಕು” ಎಂದಳು.

“ಹಕ್ಕಿ ನೋಡೋಕೇನೇ?” ಎಂದೆ.

“ಅಲ್ಲ, ಬೇಟೆಗೆ.”

ಲೋಟ ಕೈಯಲ್ಲೇ ಉಳಿಯಿತು. ನಮ್ಮದು ಈರುಳ್ಳಿಯನ್ನೂ ಅನುಮಾನದಿಂದ ನೋಡುತ್ತಿದ್ದ ಮನೆ. ಹಾಗೆಂದು ನಾನು ಬೇಟೆಯನ್ನು ಅರಿಯದವಳೇನೂ ಅಲ್ಲ. ರಾಘವಾಂಕನ ಹರಿಶ್ಚಂದ್ರನನ್ನು ಎಷ್ಟೋ ಸಲ ತರಗತಿಯಲ್ಲಿ ಬೇಟೆಗೆ ಕಳುಹಿಸಿದ್ದೇನೆ. ಹಳಗನ್ನಡದಲ್ಲಿ ಬೇಟವೆಂದರೆ ಪ್ರೇಮ, ಬೇಟೆಯೆಂದರೆ ಬೇಟೆಯೇ ಎಂದು ಹೇಳಿ ಹುಡುಗರನ್ನು ನಗಿಸಿದ್ದೇನೆ. ಪಾಠದ ಬೇಟೆಯಲ್ಲಿ ರಕ್ತವಿರುವುದಿಲ್ಲ. ಗಂಟೆ ಹೊಡೆದರೆ ಮುಗಿಯುತ್ತದೆ. ನಮ್ಮ ದೇಶದಲ್ಲಂತೂ 1972ರ ಕಾಯಿದೆ ಬಂದ ಮೇಲೆ ಬೇಟೆ ಬಹುಮಟ್ಟಿಗೆ ಪುಸ್ತಕದ ಮಾತೇ ಆಗಿದೆ. ಅಲ್ಲಿಯ ವಿಷಯ ಬೇರೆ. ಋತುವುಂಟು, ಪರವಾನಗಿಯುಂಟು, ಪಾಠವೂ ಉಂಟು. 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಬೇಟೆಯ ಶಿಕ್ಷಣ ಪಡೆದು ತೇರ್ಗಡೆಯಾಗದೆ ಆ ರಾಜ್ಯದಲ್ಲಿ ಪರವಾನಗಿ ಕೊಳ್ಳುವಂತಿಲ್ಲ. ತಂಗಿ ಚಳಿಗಾಲದಲ್ಲಿಯೇ ತೇರ್ಗಡೆಯಾಗಿದ್ದಳು. ನನಗೆ ಹೇಳಿರಲಿಲ್ಲ, ಅಷ್ಟೆ.

ನಾನೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಅದಕ್ಕೆ ನಾಲ್ಕು ವರ್ಷದ ಹಿಂದೆ ಅವಳ ಎಡ ಎದೆಗೆ ಕ್ಯಾನ್ಸರ್ ಬಂದು ಶಸ್ತ್ರಚಿಕಿತ್ಸೆಯಾಯಿತು. ಕಂಕುಳಿನ ಗ್ರಂಥಿಗಳನ್ನೂ ತೆಗೆದರು. ಆಗ ನಾನು ಹೋಗಲಿಲ್ಲ. ಪರೀಕ್ಷೆ, ಮೌಲ್ಯಮಾಪನ, ವೀಸಾ ಎಂದು ಕಾರಣಗಳಿದ್ದವು. ಒಂದೊಂದೂ ನಿಜವೇ, ಎಲ್ಲವನ್ನೂ ಕೂಡಿಸಿದರೆ ಮಾತ್ರ ಏಕೋ ನಿಜವಾಗುತ್ತಿರಲಿಲ್ಲ. ಆ ದಿನಗಳಲ್ಲಿ ಅವಳಿಗೆ ಸಾರು ಕುಡಿಸಿದವಳು ನೆರೆಮನೆಯ ಅರವತ್ತು ದಾಟಿದ ಒಬ್ಬ ವಿಧವೆ. ಚೇತರಿಸಿಕೊಳ್ಳುವಾಗ ಕೈಹಿಡಿದು ಮೊದಲು ಬೀದಿಯ ತುದಿಯವರೆಗೆ, ಆಮೇಲೆ ಒಂದು ಮೈಲಿ, ಆಮೇಲೆ ಗುಡ್ಡದ ನೆತ್ತಿಯವರೆಗೆ ನಡೆಸಿದವಳೂ ಆಕೆಯೇ. ಆಕೆ ಹುಟ್ಟು ಬೇಟೆಗಾರ್ತಿ. ಜೊತೆಯಲ್ಲಿ ನಡೆಯುತ್ತಾ ನಡೆಯುತ್ತಾ ತಂಗಿಗೂ ಅದು ಬಂತು. ನನ್ನ ಜಾಗದಲ್ಲಿ ನಿಂತವಳು ಕಲಿಸಿದ ವಿದ್ಯೆಯನ್ನು ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಅಂಗಡಿಗೆ ಹೊರಟೆ.

ಹಾರ್ನೆಸ್ ಎಂದರೆ ಕುದುರೆಯ ಸಜ್ಜೆಂದು ನಾನು ತಿಳಿದಿದ್ದೆ. ಕತ್ತಿನ ಬಾರಿಗೆ ಬದಲಾಗಿ ದುರ್ಬೀನನ್ನು ಎದೆಯ ಮೇಲೆ ಹಿಡಿದಿಡುವ ಪಟ್ಟಿಗಳ ಕಟ್ಟಿಗೂ ಅದೇ ಹೆಸರು. ತಂಗಿಯ ದುರ್ಬೀನು 10×42ರದು. ಹತ್ತು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜಿನ ಅಗಲ 42 ಮಿಲಿಮೀಟರು. ತೂಕ ಮುಕ್ಕಾಲು ಕಿಲೋದ ಹತ್ತಿರ. ಮುಕ್ಕಾಲು ಕಿಲೋ ಬದನೆಕಾಯಿ ಏನು ಮಹಾ ಎಂದೀರಿ. ಅದನ್ನೇ ಒಂದು ಪಟ್ಟಿಗೆ ಕಟ್ಟಿ ಕತ್ತಿಗೆ ನೇತುಹಾಕಿಕೊಂಡು ಬೆಳಗಿನಿಂದ ಸಂಜೆಯವರೆಗೆ ಬೆಟ್ಟ ಹತ್ತಿ ನೋಡಿ. ಹೆಜ್ಜೆ ಹೆಜ್ಜೆಗೂ ಎದೆಗೆ ಬಡಿಯುತ್ತದೆ. ಬಗ್ಗಿದರೆ ತೂಗಾಡಿ ಬಂಡೆಗೆ ತಾಗುತ್ತದೆ. ಸಂಜೆಯ ಹೊತ್ತಿಗೆ ಕತ್ತಿನ ನರ ಕಲ್ಲಾಗುತ್ತದೆ.

“ನೋವಾದರೆ ಬೆನ್ನಿನ ಚೀಲದೊಳಗೆ ಹಾಕಿಕೊಂಡರಾಯಿತಪ್ಪ” ಎಂದೆ.

ತಂಗಿ ತಲೆಯಾಡಿಸಿದಳು. “ಅದೇ ಅಪಾಯ ಅಕ್ಕ. ದುರ್ಬೀನು ಕೈಗೆ ಸಿಗದಿದ್ದರೆ ದೂರದಲ್ಲಿ ಏನೋ ಅಲ್ಲಾಡಿದಾಗ ಬಂದೂಕದ ಮೇಲಿರೋ ದುರ್ಬೀನಲ್ಲೇ ನೋಡೋಣ ಅನ್ನಿಸುತ್ತೆ. ಅಲ್ಲಾಡಿದ್ದು ಮನುಷ್ಯ ಆಗಿದ್ದರೆ ಅವನ ಕಡೆಗೇ ಬಂದೂಕ ಹಿಡಿದ ಹಾಗಲ್ವಾ? ನೋಡೋಕೆ ಬಂದೂಕ ಎತ್ತಬಾರದು ಅನ್ನೋದು ಮೊದಲ ಪಾಠದಲ್ಲೇ ಬರುತ್ತೆ.”

ನನಗೆ ಆ ಮಾತು ಹಿಡಿಸಿತು. ಮೈಗೆ ಸುಖವಾದ ಪಟ್ಟಿ ಶೋಕಿಯ ವಸ್ತುವೆಂದು ನಾನು ತಿಳಿದಿದ್ದೆನಲ್ಲ. ಯಾರದೋ ಪ್ರಾಣ ಅದರ ಮೇಲೆ ನಿಂತಿರಬಹುದೆಂದು ಹೊಳೆದಿರಲಿಲ್ಲ.

ಅಂಗಡಿಯ ಹುಡುಗ ಸಜ್ಜನ. ಹೆಂಗಸರಿಗೆಂದೊಡನೆ ಓಡಿಹೋಗಿ ಒಂದು ಗುಲಾಬಿ ಬಣ್ಣದ ಹಾರ್ನೆಸ್ ತಂದ. ಬಂದೂಕದ ಬೇಟೆಗೆ ಹೋಗುವವರು ಸೊಂಟದಿಂದ ಮೇಲೆ ಕನಿಷ್ಠ 500 ಚದರ ಅಂಗುಲ ಕಣ್ಣು ಕುಕ್ಕುವ ಕಿತ್ತಳೆ ಬಣ್ಣ ತೊಡಬೇಕೆಂದು ಅಲ್ಲಿ ನಿಯಮ. 2016ರಲ್ಲಿ ಗುಲಾಬಿಯೂ ಆಗಬಹುದೆಂದು ತಿದ್ದಿದರು. ಹೆಂಗಸರನ್ನು ಕಾಡಿಗೆ ಕರೆಯಲು ಬಣ್ಣವೇ ಸಾಕೆಂದು ಯಾರಿಗೋ ತೋರಿರಬೇಕು. ತಂಗಿ ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತು, “ಬಣ್ಣ ಹೆಂಗಸರದು, ಅಳತೆ ಗಂಡಸರದು” ಎಂದು ನನಗೆ ಮಾತ್ರ ಕೇಳುವಂತೆ ನಕ್ಕಳು.

ನಿಜವೇ. ಪಟ್ಟಿಗಳನ್ನು ಎಷ್ಟು ಎಳೆದರೂ ಸಡಿಲ. ದುರ್ಬೀನಿನ ಚೀಲ ಕೆಳಗೆ ಕುಳಿತು, ನಡೆದಾಗ ಕುಣಿಯಿತು. ಮೇಲಕ್ಕೆಳೆದರೆ ಗದ್ದಕ್ಕೆ ತಾಗಿ, ಕಾಲಿಡುವ ನೆಲವೇ ಕಾಣದಾಯಿತು. ಎರಡನೆಯದರ ಮುಚ್ಚಳಕ್ಕೆ ವೆಲ್ಕ್ರೋ. ತೆರೆದಾಗ ಚರ್ರೆಂದ ಸದ್ದಿಗೆ ಅಂಗಡಿಯಲ್ಲಿದ್ದ ನಾಲ್ವರು ತಿರುಗಿ ನೋಡಿದರು. ಕಾಡಿನಲ್ಲಿ ತಿರುಗಿ ನೋಡುವವರು ನಾಲ್ಕು ಕಾಲಿನವರು, ನೋಡಿದ ಮೇಲೆ ನಿಲ್ಲುವವರಲ್ಲ. ಮೂರನೆಯದಕ್ಕೆ ಅಯಸ್ಕಾಂತದ ಮುಚ್ಚಳ. ಒಂದೇ ಕೈಯಲ್ಲಿ ಸದ್ದಿಲ್ಲದೆ ತೆರೆಯಿತು. ದಿಕ್ಸೂಚಿಯನ್ನು ಮಾತ್ರ ಅದರ ಹತ್ತಿರ ಇಡಬಾರದೆಂದು ಹುಡುಗನೇ ಹೇಳಿದ.

ಇಷ್ಟರಲ್ಲಿ ನಾನು, ಸೀರೆ ಅಂಗಡಿಯಲ್ಲಿ ತರಬೇತಿ ಪಡೆದವಳು, ವ್ಯಾಪಾರವನ್ನು ನನ್ನ ಕೈಗೆ ತೆಗೆದುಕೊಂಡಿದ್ದೆ. ಚಳಿಗಾಲದ ದಪ್ಪ ಕೋಟು ತರಿಸಿದೆ, ಅದರ ಮೇಲೆ ಹಾರ್ನೆಸ್, ಅದರ ಮೇಲೆ ಬೆನ್ನಿನ ಚೀಲ. ಕೂಡಿಸಿದೆ, ಬಗ್ಗಿಸಿದೆ, ಅಂಬೆಗಾಲಿಡಿಸಿದೆ, ಹತ್ತು ಸಲ ದುರ್ಬೀನು ಕಣ್ಣಿಗೆ ಎತ್ತಿಸಿದೆ. ಬೆನ್ನಿನಲ್ಲಿ ಪಟ್ಟಿಗಳು ಕೂಡುವ ಜಾಗ ಎರಡು ಹೆಗಲ ಮೂಳೆಗಳ ನಡುವೆ ಚಪ್ಪಟೆಯಾಗಿ ಕೂರಬೇಕು. ಕತ್ತಿಗೆ ಏರಿದರೆ ಹಳೆಯ ಬಾರಿಗೂ ಇದಕ್ಕೂ ವ್ಯತ್ಯಾಸವಿಲ್ಲ. ಅಲ್ಲಿ ಕೊಂಡಿ ಇರಬಾರದು; ಇದ್ದರೆ ಬೆನ್ನಿನ ಚೀಲ ಅದನ್ನು ದಿನವೆಲ್ಲ ಒತ್ತುತ್ತದೆ. ಹೀಗೆ ಕೂತಾಗ ಭಾರ ಎರಡು ಭುಜಕ್ಕೂ ಬೆನ್ನಿಗೂ ಹಂಚಿಹೋಗುತ್ತದೆ, ಕತ್ತಿಗೆ ಬಿಡುಗಡೆ.

ಉಳಿದದ್ದು ಪಕ್ಕದ ಪಟ್ಟಿ. ಅದು ಕಂಕುಳ ಕೆಳಗೆ ಹಾಯುತ್ತದೆ. ಎಡಗಡೆ ಬಿಗಿಯಾದದ್ದೇನೂ ಇರಬಾರದೆಂದು ಅವಳ ವೈದ್ಯರು ಹೇಳಿದ್ದರು. ಬೆನ್ನ ಹಿಂದಿನ ಅಳತೆಯನ್ನು ಹಾಕಿಕೊಂಡವರೇ ಸರಿಮಾಡಿಕೊಳ್ಳುವುದು ಕಷ್ಟ. ಇನ್ನೊಬ್ಬರ ಕೈ ಬೇಕು. ಹುಡುಗ ಮುಂದೆ ಬಂದವನು ಏನನ್ನೋ ಅರಿತು ಹಿಂದೆ ಸರಿದ. ನಾನು ಅವಳ ಕೋಟು ತೆಗೆಸಿ, ಅಂಗಿಯ ಮೇಲೆಯೇ ಪಟ್ಟಿ ಹಾಯುವ ದಾರಿಯಲ್ಲಿ ಬೆರಳಾಡಿಸಿದೆ. ಕಂಕುಳ ಕೆಳಗೆ ಒಂದು ಕಡೆ ಬಟ್ಟೆಯಡಿಯಲ್ಲಿ ಹಗ್ಗದಂತೆ ಗಟ್ಟಿಯಾಗಿತ್ತು. ನಾಲ್ಕು ವರ್ಷ ಟೆಲಿಫೋನಿನಲ್ಲಿ “ಹೇಗಿದೀಯೇ?” ಎಂದು ಕೇಳುತ್ತಿದ್ದ ಪ್ರಶ್ನೆಗೆ ಉತ್ತರ ಆ ಗಾಯದ ಕಲೆಯಲ್ಲಿತ್ತು.

“ಅಲ್ಲೇ” ಎಂದಳು ತಂಗಿ. “ಅದರ ಕೆಳಗೆ ಬರಲಿ.”

ಬೆನ್ನ ಪಟ್ಟಿಯನ್ನು ಇಳಿಸಿ, ಎಡಗಡೆಯದನ್ನು ಎರಡು ಬೆರಳು ಹೋಗುವಷ್ಟು ಸಡಿಲ ಬಿಟ್ಟು, ಬಲಗಡೆ ಅಷ್ಟನ್ನು ಬಿಗಿಮಾಡಿದೆ. ಚೀಲ ಸ್ವಲ್ಪ ಬಲಕ್ಕೆ ವಾಲಿತು. ವಾಲಲಿ. ಅವಳು ಕೈಯೆತ್ತಿದಳು, ಬಗ್ಗಿದಳು, ನಡೆದಳು. “ಇದ್ದದ್ದೇ ಗೊತ್ತಾಗಲ್ಲ ಅಕ್ಕ” ಎಂದಳು. ನನಗೆ ಕನ್ನಡಿಯಲ್ಲಿ ನನ್ನ ಮುಖ ನೋಡಿಕೊಳ್ಳುವುದು ಬೇಡವಾಗಿ, ಹುಡುಗನಿಗೆ ಬೆಲೆ ಎಷ್ಟೆಂದು ಕೇಳಿದೆ.

ಮನೆಗೆ ಬರುವಾಗ ಬೇಲೂರಿನ ನೆನಪಾಯಿತು. ಚಿಕ್ಕಂದಿನಲ್ಲಿ ಅಪ್ಪ ನಮ್ಮಿಬ್ಬರನ್ನೂ ಕರೆದುಕೊಂಡು ಹೋಗಿ, 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿಯ ಮದನಿಕೆಯರನ್ನು ತೋರಿಸಿದ್ದರು. ಅವರಲ್ಲಿ ಒಬ್ಬಳು ಬಿಲ್ಲು ಹಿಡಿದ ಬೇಟೆಗಾರ್ತಿ. ಕತ್ತಿನ ತುಂಬ ಹಾರ. ಶಿಲ್ಪಿ ಅವಳ ಚೆಲುವಿಗೆ ಏನೂ ಕಡಿಮೆ ಮಾಡಿಲ್ಲ. ಇಷ್ಟು ಹೇರಿಕೊಂಡು ಅವಳು ಬಗ್ಗಿ ಓಡುವುದು ಹೇಗೆಂದು ಮಾತ್ರ ಕೇಳಿರಲಾರ. ಅವಳ ಮುಂದೆ ಬಾಯಿಬಿಟ್ಟು ನಿಂತಿದ್ದ ಪುಟ್ಟ ಹುಡುಗಿ ಈಗ ಕಾರು ಓಡಿಸುತ್ತಿದ್ದಳು.

ಅಕ್ಟೋಬರಿನಲ್ಲಿ ಒಂದು ದಿನ ಬೆಳಗ್ಗೆ ಏಳೂವರೆಗೆ ಟೆಲಿಫೋನು ಬಂತು. ಅಲ್ಲಿ ಹಿಂದಿನ ದಿನದ ರಾತ್ರಿ. ಐದು ದಿನ ಬೆಟ್ಟದಲ್ಲಿದ್ದರಂತೆ. ನಾಲ್ಕು ದಿನ ಬರೀ ನೋಡಿದ್ದೇ: ಮಂಜು, ಕಣಿವೆ, ದೂರದಲ್ಲಿ ಎಲ್ಕ್ ಹಿಂಡು. ಎಲ್ಕ್ ಎಂದರೆ ನಮ್ಮ ಕಡವೆಯ ಬಳಗದ ದೊಡ್ಡ ಜಿಂಕೆ.

“ಐದನೇ ದಿನ ಸಿಕ್ಕಿತು ಅಕ್ಕ” ಎಂದಳು. ದನಿ ಮೆಲ್ಲಗಿತ್ತು. ಹಿಗ್ಗೋ ದುಃಖವೋ ತಿಳಿಯಲಿಲ್ಲ. ಅವಳಿಗೂ ತಿಳಿದಂತೆ ತೋರಲಿಲ್ಲ.

ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ಶುಭವಾಗಲಿ ಎನ್ನಲಾರೆ, ಛೆ ಎನ್ನಲೂ ಆರೆ. ಕೊನೆಗೆ, “ಭುಜ ನೋಯಲಿಲ್ಲವೇನೇ?” ಎಂದು ಕೇಳಿದೆ.

“ಇಲ್ಲ ಅಕ್ಕ. ನೀನಿಟ್ಟ ಅಳತೆ ಹಾಗೇ ಇದೆ. ಒಂದು ಸಲವೂ ಬದಲಾಯಿಸಲಿಲ್ಲ.”

ಪ್ರಾಣಿಯ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ. ಅದು ನಮ್ಮಿಬ್ಬರ ನಡುವೆ ಇನ್ನೂ ಬಾಕಿಯಿದೆ. ಮುಂದಿನ ರಜೆಯಲ್ಲಿ ನೋಡೋಣ.