ಒಂದಕ್ಕೊಂದು ಅಂದವರು ನಾವೇ

ಹಾಸ್ಟೆಲ್ಲಿನ ಎರಡನೇ ಮಹಡಿ, ಕೊನೇ ರೂಮು. ಅಲ್ಲಿ ನಾವು ನಾಲ್ಕು ಜನ. ಇಬ್ಬರು ಮೆಕ್ಯಾನಿಕಲ್, ಒಬ್ಬ ಸಿವಿಲ್, ಒಬ್ಬ ಸಿಎಸ್. ನಮ್ಮನ್ನು ಒಂದು ಮಾಡಿದ್ದು ಸ್ನೇಹ ಅಂತ ಬರೆದರೆ ಓದೋಕೆ ಚೆನ್ನಾಗಿರುತ್ತೆ. ಆದರೆ ನಿಜವಾಗಿ ಒಂದು ಮಾಡಿದ್ದು ಓಗೇಮ್. 2002ರಲ್ಲಿ ಜರ್ಮನಿಯಲ್ಲಿ ಶುರುವಾದ, ಬ್ರೌಸರಿನಲ್ಲೇ ಆಡುವ ಬಾಹ್ಯಾಕಾಶದ ಆಟ ಅದು. ಓಡೋದು, ಗುಂಡು ಹಾರಿಸೋದು ಏನೂ ಇಲ್ಲ. ಪರದೆ ತುಂಬ ಬರೀ ಅಂಕಿಗಳು. ನೋಡಿದವರು "ಎಕ್ಸೆಲ್ ಶೀಟ್ ಆಡ್ತಿದೀರೇನ್ರೋ?" ಅಂತ ನಗ್ತಿದ್ದರು. ನಮ್ಮ ಹಾಸ್ಟೆಲ್ ವೈಫೈಗೆ ಮಾತ್ರ ಹೇಳಿ ಮಾಡಿಸಿದ ಆಟ.

ಆಡದವರಿಗೆ ಎರಡು ಮಾತು. ಅದರಲ್ಲಿ ಮುಖ್ಯವಾಗಿ ಮೂರು ಸರಕು: ಮೆಟಲ್, ಕ್ರಿಸ್ಟಲ್, ಡ್ಯುಟೀರಿಯಂ. ಗಣಿ ಕಟ್ಟಬೇಕು, ಗಂಟೆಗೆ ಇಷ್ಟು ಅಂತ ಬರ್ತಾ ಇರುತ್ತೆ. ಅದರಿಂದ ಹಡಗು ಕಟ್ಟಬೇಕು. ಹಡಗು ಹಾರಬೇಕಾದರೆ ಡ್ಯುಟೀರಿಯಂ ಬೇಕು, ಅದೇ ಪೆಟ್ರೋಲ್. ಒಬ್ಬನ ಹತ್ತಿರ ಒಂದು ಜಾಸ್ತಿ, ಇನ್ನೊಬ್ಬನ ಹತ್ತಿರ ಇನ್ನೊಂದು ಜಾಸ್ತಿ. ಹಾಗಾಗಿ ಅದಲು ಬದಲು. ಇಲ್ಲೇ ಪ್ರಶ್ನೆ ಹುಟ್ಟೋದು: ಎಷ್ಟಕ್ಕೆ ಎಷ್ಟು?

ಆಡುವವರ ಬಾಯಲ್ಲಿ ಓಡಾಡುವ ಲೆಕ್ಕ 3:2:1. ಮೂರು ಮೆಟಲ್ ಅಂದ್ರೆ ಎರಡು ಕ್ರಿಸ್ಟಲ್, ಅಂದ್ರೆ ಒಂದು ಡ್ಯುಟೀರಿಯಂ. ಇದು ಆಕಾಶದಿಂದ ಬಿದ್ದದ್ದಲ್ಲ. ಗಣಿಯ ಸೂತ್ರದಲ್ಲೇ ಇದೆ. ಮಟ್ಟ L ಆದರೆ ಗಂಟೆಗೆ ಬರುವ ಮೆಟಲ್ 30 × L × 1.1ರ L ಘಾತ. ಕ್ರಿಸ್ಟಲ್‌ಗೆ 30ರ ಜಾಗದಲ್ಲಿ 20, ಡ್ಯುಟೀರಿಯಂಗೆ 10. ಮೂರೂ ಗಣಿ ಒಂದೇ ಮಟ್ಟದಲ್ಲಿದ್ದರೆ 30:20:10, ಅಂದರೆ 3:2:1. ಡ್ಯುಟೀರಿಯಂಗೆ ಇನ್ನೊಂದು ಕೊಸರು ಇದೆ. ಗ್ರಹ ತಣ್ಣಗಿದ್ದಷ್ಟೂ ಅದು ಜಾಸ್ತಿ ಬರುತ್ತೆ, ಆದರೆ ಆ ಗಣಿಗೆ ಕರೆಂಟು ಮಾತ್ರ ಮಿಕ್ಕೆರಡರ ಡಬಲ್.

ಈಗ ಕಥೆಗೆ ಬರೋಣ. ನಾವು ಥರ್ಡ್ ಸೆಮ್‌ಗೆ ಬಂದಾಗ ಕೆಳಗಿನ ಫ್ಲೋರಿಗೆ ಒಬ್ಬ ಫಸ್ಟ್ ಇಯರ್ ಹುಡುಗ ಬಂದ. ಇಸಿ ಬ್ರಾಂಚು, ಮಾತು ಕಡಿಮೆ. ನಾವು ಆಡೋದನ್ನ ನೋಡಿ ಅವನೂ ಅಕೌಂಟ್ ಮಾಡಿ ನಮ್ಮ ಅಲಯನ್ಸ್ ಸೇರಿದ. ಅದೃಷ್ಟಕ್ಕೋ ಬುದ್ಧಿವಂತಿಕೆಗೋ, ಸೂರ್ಯನಿಂದ ತೀರಾ ದೂರದ 15ನೇ ಸ್ಥಾನದಲ್ಲಿ ಒಂದು ಕಾಲೊನಿ ಹಾಕಿದ್ದ. ಒಳ್ಳೇ ಚಳಿ ಗ್ರಹ, ಡ್ಯುಟೀರಿಯಂ ಧಾರಾಳ. ಮೆಟಲ್ ಮಾತ್ರ ಇಲ್ಲ. ನಮಗೋ ಮೆಟಲ್ ಕೊಳೀತಿತ್ತು, ಡ್ಯುಟೀರಿಯಂ ಇಲ್ಲದೆ ಹಡಗುಗಳು ನಿಂತಲ್ಲೇ ನಿಂತಿದ್ದವು.

ಒಂದಿನ ಮೆಸ್ಸಿನಲ್ಲಿ ಅವನೇ ಕೇಳಿದ, "ಅಣ್ಣಾ, ಡ್ಯುಟೀರಿಯಂ ಕೊಡ್ತೀನಿ, ಮೆಟಲ್ ಕೊಡ್ತೀರಾ? ಎಷ್ಟಕ್ಕೆ ಎಷ್ಟು?"

ನಾವು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. "ಅಲಯನ್ಸ್ ಒಳಗೆ ಲೆಕ್ಕ ಎಲ್ಲಾ ಎಂಥದು ಮಾರಾಯ, ಒಂದಕ್ಕೊಂದು" ಅಂದೆವು. ಯಾರು ಮೊದಲು ಅಂದದ್ದು ಅಂತ ಈಗ ಕೇಳಿದರೆ ನಾಲ್ವರೂ ಉಳಿದ ಮೂವರ ಕಡೆ ಕೈ ತೋರಿಸ್ತೇವೆ. ಅದಕ್ಕೇ ಈ ಲೇಖನದಲ್ಲಿ ಎಲ್ಲ ಕಡೆ "ನಾವು".

ಮೂರು ವಾರದಲ್ಲಿ ಅವನು 2 ಲಕ್ಷ ಡ್ಯುಟೀರಿಯಂ ಕಳಿಸಿದ, ನಾವು 2 ಲಕ್ಷ ಮೆಟಲ್ ಕೊಟ್ಟೆವು. ಹಡಗು ಕಳಿಸಿದವರೇ ಇಂಧನ ಸುಡಬೇಕು, ಅವನ ಡ್ಯುಟೀರಿಯಂ ನಮ್ಮವರೆಗೆ ತರೋ ಇಂಧನವನ್ನೂ ಅವನ ತಲೆಗೇ ಕಟ್ಟಿದ್ದೆವು. ಪ್ರತಿ ಸಲವೂ "ಥ್ಯಾಂಕ್ಸ್ ಅಣ್ಣಾ" ಅಂತ ಮೆಸೇಜ್ ಬೇರೆ.

ಗಣೇಶನ ಹಬ್ಬಕ್ಕೆ ಊರಿಗೆ ಹೋದವನು ಒಂದು ಡಬ್ಬಿ ಚಕ್ಕುಲಿ ತಂದು ನಮ್ಮ ರೂಮಿನಲ್ಲಿಟ್ಟ. "ಅಮ್ಮ ಕೊಟ್ಟಿದ್ದು. ಸೀನಿಯರ್ಸ್ ಹೆಲ್ಪ್ ಮಾಡ್ತಾರೆ ಅಂದಿದ್ದೆ, ಅವರಿಗೂ ಕೊಡು ಅಂದ್ರು." ಚಕ್ಕುಲಿ ಗಂಟಲಲ್ಲಿ ಇಳಿಯಲಿಲ್ಲ ಅಂತ ಬರೆಯಬಹುದಿತ್ತು. ಇಳೀತು. ಅರ್ಧ ಡಬ್ಬಿ ಖಾಲಿಯಾದ ಮೇಲೆ ನಮ್ಮ ಸಿವಿಲ್‌ನವನಿಗೆ ತಡೆಯೋಕಾಗಲಿಲ್ಲ. "ಲೋ, ನಿನಗೆ ಒಂದು ವಿಷಯ ಹೇಳಬೇಕು. ಒಂದಕ್ಕೊಂದು ಅಲ್ಲ ಕಣೋ ಅದು..."

ಹುಡುಗ ಚಕ್ಕುಲಿ ಮುರೀತಾ ಹೇಳಿದ, "ಗೊತ್ತಣ್ಣಾ. ಹೋದ ವಾರವೇ ಗೊತ್ತಾಯ್ತು."

"ಮತ್ತೆ ಯಾಕೆ ಕೇಳಲಿಲ್ಲ?"

"ನೀವು ಸೀನಿಯರ್ಸು. ಹೆಂಗೆ ಕೇಳೋದು?"

ಅವತ್ತು ರೂಮಿನಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಆಟದ ನಿಯಮದಲ್ಲೇ ಇದಕ್ಕೆ ಒಂದು ಹೆಸರಿದೆ, ಪುಶಿಂಗ್. ರ‍್ಯಾಂಕಿನಲ್ಲಿ ಕೆಳಗಿರೋನಿಂದ ಮೇಲಿರೋನು ಸರಿಯಾದ ಬದಲು ಕೊಡದೆ ಸರಕು ತಗೊಳ್ಳುವಂತಿಲ್ಲ, ಸಿಕ್ಕಿಬಿದ್ದರೆ ಬ್ಯಾನ್. ಆಟ ಕಟ್ಟಿದವರಿಗೂ ಗೊತ್ತಿತ್ತು, ಮೇಲಿರೋರು ಹೀಗೇ ಮಾಡ್ತಾರೆ ಅಂತ. ನಮಗೆ ಆ ಹೊತ್ತಿಗೆ ಬ್ಯಾನಿನ ಹೆದರಿಕೆಗಿಂತ "ಹೆಂಗೆ ಕೇಳೋದು" ಅನ್ನೋದೇ ಹೆಚ್ಚು ಚುಚ್ಚಿತು.

ಲೆಕ್ಕ ಸರಿ ಮಾಡೋಣ ಅಂತ ಕೂತೆವು. 3:1 ಅಂದರೆ ಅವನಿಗೆ ಬರಬೇಕಾಗಿದ್ದು 6 ಲಕ್ಷ, ಕೊಟ್ಟದ್ದು 2, ಬಾಕಿ 4 ಲಕ್ಷ. ಹುಡುಗ ಬೇಡ ಅಂದ! ಅಸೈನ್‌ಮೆಂಟ್ ಶೀಟಿನ ಹಿಂಬದಿಯಲ್ಲಿ ಬರೆದು ತೋರಿಸಿದ. "ನಿಮ್ಮ ಗ್ರಹದಲ್ಲಿ ಗಂಟೆಗೆ 4000 ಮೆಟಲ್, 750 ಡ್ಯುಟೀರಿಯಂ. ಅಂದ್ರೆ ನಿಮಗೆ ಒಂದು ಡ್ಯುಟೀರಿಯಂ ಅಂದ್ರೆ ಐದು ಮೆಟಲ್ ಮೇಲೆ. ನನ್ನ ಕಾಲೊನಿಯಲ್ಲಿ 1100 ಮೆಟಲ್, 800 ಡ್ಯುಟೀರಿಯಂ. ನನಗೆ ಒಂದು ಅಂದ್ರೆ ಒಂದೂವರೆಗಿಂತ ಕಡಿಮೆ. 3:2:1 ಎಲ್ಲಾ ಗಣಿ ಒಂದೇ ಮಟ್ಟದಲ್ಲಿದ್ರೆ ಅಷ್ಟೇ ಅಣ್ಣಾ. ಯಾರ ಹತ್ರ ಹಂಗಿರುತ್ತೆ?"

ಆಗ ಹೊಳೆದದ್ದು ಇದು. ನ್ಯಾಯದ ದರ ಅಂದರೆ ಒಂದು ಅಂಕಿ ಅಲ್ಲ, ಟಾಲರೆನ್ಸ್ ಇದ್ದ ಹಾಗೆ ಒಂದು ಪಟ್ಟಿ. ಒಂದೂವರೆಯಿಂದ ಐದರ ಮಧ್ಯೆ ಎಲ್ಲಿ ನಿಂತರೂ ಇಬ್ಬರಿಗೂ ಲಾಭವೇ. 1817ರಲ್ಲಿ ಡೇವಿಡ್ ರಿಕಾರ್ಡೊ ಇಂಗ್ಲೆಂಡಿನ ಬಟ್ಟೆ, ಪೋರ್ಚುಗಲ್ಲಿನ ವೈನ್ ಇಟ್ಟುಕೊಂಡು ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಪಟ್ಟಿಯ ಒಳಗೆ ಎಲ್ಲಿ ನಿಲ್ಲೋದು ಅನ್ನೋದು ಚೌಕಾಸಿ. ನಮ್ಮ ಒಂದಕ್ಕೊಂದು ಪಟ್ಟಿಯ ಒಳಗೇ ಇರಲಿಲ್ಲ. ಅದು ಚೌಕಾಸಿಯೂ ಅಲ್ಲ, ಬರೀ ಮೋಸ.

ಮುಂದಿನ ಅರ್ಧ ಗಂಟೆ ವಿಚಿತ್ರ ಜಗಳ. ನಾವು ಮೂರು ಕೊಡ್ತೀವಿ ಅಂತೀವಿ, ಅವನು ಎರಡೇ ಸಾಕು ಅಂತಾನೆ. "ನಿಮ್ಮ ಮೆಟಲ್ ಸಿಗದಿದ್ರೆ ನನ್ನ ಗಣಿ ಇನ್ನೂ ಕೆಳಗೇ ಇರ್ತಿತ್ತು" ಅಂತ ಅವನ ವಾದ. ಕೊನೆಗೆ ಎರಡೂವರೆಗೆ ಕುದುರಿತು. 5 ಲಕ್ಷದಲ್ಲಿ ಬಾಕಿ 3 ಲಕ್ಷ. ಒಂದು ಲಾರ್ಜ್ ಕಾರ್ಗೊದಲ್ಲಿ 25,000 ಹಿಡಿಯುತ್ತೆ, ಹನ್ನೆರಡು ಹಡಗು, ತಲಾ ಮೂರು. ಇಂಧನ ನಮ್ಮದೇ. ಅವನೇ ಕೊಟ್ಟಿದ್ದ ಡ್ಯುಟೀರಿಯಂ, ಆ ಮಾತು ಬೇರೆ.

ನಮ್ಮಲ್ಲೊಬ್ಬನ ಅಜ್ಜಿ ಹಳೇ ಸೀರೆ ಕೊಟ್ಟು ಸ್ಟೀಲ್ ಪಾತ್ರೆ ತಗೊಳ್ತಾರೆ. ಪಾತ್ರೆಯವಳು ಬುಟ್ಟಿ ಇಳಿಸಿದರೆ ಮುಕ್ಕಾಲು ಗಂಟೆ ಜಗಳ ಗ್ಯಾರಂಟಿ. ದರದ ಬೋರ್ಡಿಲ್ಲ, ಸೂತ್ರವಿಲ್ಲ. ಆದರೆ ಇಬ್ಬರಿಗೂ ಸೀರೆಯ ಬೆಲೆ ಗೊತ್ತು, ಪಾತ್ರೆಯ ಬೆಲೆ ಗೊತ್ತು, ಬಾಯಿಬಿಟ್ಟು "ಇದು ಸಾಲದು" ಅನ್ನೋ ಧೈರ್ಯವೂ ಇಬ್ಬರಿಗೂ ಇದೆ. ಎದ್ದು ಹೋಗುವಾಗ ನೀರು ಕುಡಿದೇ ಹೋಗ್ತಾಳೆ, ಮತ್ತೆ ಬರ್ತಾಳೆ. ನಮ್ಮ ಮತ್ತು ಜೂನಿಯರ್ ಮಧ್ಯೆ ಇಲ್ಲದೇ ಇದ್ದದ್ದು ಆ ಜಗಳ.

ಇದನ್ನ ಆಟ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಕ್ಯಾಂಪಸ್ಸಿನಲ್ಲಿ ಇದೇ ವ್ಯಾಪಾರ ದಿನಾ ನಡೆಯುತ್ತೆ. "ರೆಕಾರ್ಡ್ ಬರ್ಕೊಡು, ವೈವಾ ಪ್ರಶ್ನೆ ಹೇಳ್ತೀನಿ." "ಕೋಡ್ ನೀನು ಬರಿ, ರಿಪೋರ್ಟ್ ನಾವು ನೋಡ್ಕೋತೀವಿ." ಫೆಸ್ಟಿನಲ್ಲಿ ಕುರ್ಚಿ ಹೊರೋರು ಫಸ್ಟ್ ಇಯರ್, ಸರ್ಟಿಫಿಕೇಟಿನಲ್ಲಿ ಹೆಸರು ಫೈನಲ್ ಇಯರ್. ಎಲ್ಲ ಕಡೆ ದರ ಹೇಳೋರು ಸೀನಿಯರ್ಸೇ. ಅದು ಪಟ್ಟಿಯ ಒಳಗಿದೆಯಾ ಅಂತ ಕೇಳೋರಿಲ್ಲ.

ನಮ್ಮ ಅಲಯನ್ಸಿನಲ್ಲಿ ಈಗ ಒಂದೇ ನಿಯಮ. ಹೊಸಬ ಬಂದರೆ ಮೊದಲು ಗಣಿಯ ಸೂತ್ರ ಹೇಳಿಕೊಡಬೇಕು, ಆಮೇಲೆ ವ್ಯಾಪಾರ. ಹೇಳಿಕೊಡೋ ಕೆಲಸ ಆ ಹುಡುಗನದೇ. ಹೋದ ವಾರ ಅವನ ಹತ್ತಿರ ಡ್ಯುಟೀರಿಯಂ ಕೇಳಿದೆವು. "ಮೂರೂವರೆ ಆಗುತ್ತೆ ಅಣ್ಣಾ" ಅಂದ. ಜಾಸ್ತಿ ಆಯ್ತು ಕಣೋ ಅಂತ ಮೆಸ್ಸಿನಲ್ಲಿ ಎಲ್ಲರಿಗೂ ಕೇಳೋ ಹಾಗೆ ಜಗಳ ಆಡಿದೆವು. ಮೂರಕ್ಕೆ ಇಳಿದ.