ಸಾರ್ತ್ರನ ಶಿಷ್ಯ

ಜರ್ಮನರ ಹಿಡಿತದಿಂದ ಬಿಡುಗಡೆಗೊಂಡು ವರ್ಷವೊಂದು ಕಳೆದಿದ್ದ ಪ್ಯಾರಿಸಿನಲ್ಲಿ, 1945ರ ಅಕ್ಟೋಬರಿನಲ್ಲಿ, ಅಸ್ತಿತ್ವವಾದವನ್ನು ಕುರಿತು ಭಾಷಣ ಮಾಡಿದ ಫ್ರೆಂಚ್ ತತ್ತ್ವಜ್ಞಾನಿ ಸಾರ್ತ್ರನು, ಯುದ್ಧಕಾಲದಲ್ಲಿ ತನ್ನನ್ನು ಕಾಣಬಂದಿದ್ದ ಶಿಷ್ಯನೊಬ್ಬನ ಧರ್ಮಸಂಕಟವನ್ನು ಸಭೆಯ ಮುಂದಿಟ್ಟನು. 1940ರ ಜರ್ಮನ್ ದಾಳಿಯಲ್ಲಿ ಅಣ್ಣನನ್ನು ಕಳೆದುಕೊಂಡಿದ್ದ ಆ ತರುಣನಿಗೆ, ಇಂಗ್ಲೆಂಡಿಗೆ ತೆರಳಿ ಸ್ವತಂತ್ರ ಫ್ರಾನ್ಸಿನ ಸೇನೆಯನ್ನು ಸೇರುವುದೋ, ತನ್ನೊಬ್ಬನನ್ನೇ ನೆಚ್ಚಿ ಜೀವ ಹಿಡಿದಿದ್ದ ತಾಯಿಯ ಬಳಿಯಲ್ಲಿಯೇ ಉಳಿಯುವುದೋ ಎಂಬುದು ಬಗೆಹರಿದಿರಲಿಲ್ಲ. ಕ್ರೈಸ್ತಧರ್ಮವು ನೆರೆಯವನನ್ನು ಪ್ರೀತಿಸೆನ್ನುತ್ತದೆ. ಆದರೆ ಇಲ್ಲಿ ಆ ನೆರೆಯವನು ಯಾರು, ತಾಯಿಯೋ ಸೈನಿಕನೋ? ಯಾರನ್ನೂ ಕೇವಲ ಸಾಧನವಾಗಿ ಬಳಸಬಾರದೆಂಬ ತತ್ತ್ವಜ್ಞಾನಿ ಕಾಂಟನ ವಿಧಿಯಾದರೋ ಎರಡು ದಾರಿಗಳನ್ನೂ ಸಮನಾಗಿ ತಡೆಯಿತು. ಗುರುವು ಕೊಟ್ಟ ಉತ್ತರ, ನೀನು ಸ್ವತಂತ್ರನು, ಆಯ್ದುಕೊ ಎಂಬುದಷ್ಟೆ. ಇದು ನಿರ್ದಯವೆಂದು ಹಳಿಯುವವರುಂಟು. ತಾಯಿಯ ಕಡೆಯಿಂದ ನೋಡಿದರೆ ಆ ದೂರು ಸುಳ್ಳೂ ಅಲ್ಲ. ಆದರೆ ಯಾರಲ್ಲಿ ಸಲಹೆ ಕೇಳಬೇಕೆಂದು ನಿಶ್ಚಯಿಸುವಾಗಲೇ ಎಂತಹ ಸಲಹೆ ದೊರೆಯಬೇಕೆಂಬುದನ್ನೂ ಮನುಷ್ಯನು ಬಹುಪಾಲು ಆರಿಸಿಕೊಂಡಿರುತ್ತಾನೆಂದು ಸಾರ್ತ್ರನು ತೋರಿಸಿಕೊಟ್ಟುದು, ಜೀವನದ ಅರ್ಥವನ್ನು ಗುರುಪೀಠಗಳಲ್ಲಿಯೂ ಗ್ರಂಥಭಂಡಾರಗಳಲ್ಲಿಯೂ ಅರಸುತ್ತಿರುವ ನಮ್ಮಂಥವರಿಗೆ, ಆ ಉತ್ತರಕ್ಕಿಂತಲೂ ಹೆಚ್ಚಿನ ಇರಿಸುಮುರಿಸನ್ನುಂಟುಮಾಡುತ್ತದೆ.