ಖಾಲಿ ಸ್ಪೂಲು

ಸೋದರಮಾವನ ಗ್ರುಂಡಿಗ್ ಟೇಪ್ ರೆಕಾರ್ಡರಿನ ಜೊತೆ ನನ್ನ ಪಾಲಿಗೆ ಬಂದದ್ದು ಹತ್ತೊಂಬತ್ತು ಸ್ಪೂಲು ಮತ್ತು ಒಂದು ಉದ್ದನೆಯ ಲೆಕ್ಕದ ಪುಸ್ತಕ. ಪುಸ್ತಕದಲ್ಲಿ ಸ್ಪೂಲಿಗೊಂದು ಪುಟ. ಏಳನೇ ಸ್ಪೂಲಿನ ಪುಟದಲ್ಲಿ ಆರು ಸಾಲುಗಳಿವೆ. ಅವುಗಳಲ್ಲಿ ಐದಕ್ಕೆ ಕೆಂಪು ಶಾಯಿಯ ಗೆರೆ ಬಿದ್ದಿದೆ. ಗೆರೆ ಬಿದ್ದವೆಲ್ಲ ಅಳಿಸಿಹೋದವು. ಎರಡನೆಯ ಸಾಲು ‘ಚೌಡಯ್ಯ, ಪಿಟೀಲು, ರೇಡಿಯೊ’. ಅದರ ಮೇಲೆ 1966ರಲ್ಲಿ ಮನೆಯ ಒಂದು ನಾಮಕರಣ ರೆಕಾರ್ಡಾಯಿತು. 1967ರ ಜನವರಿಯಲ್ಲಿ ಚೌಡಯ್ಯನವರು ತೀರಿಕೊಂಡರು. ಆಮೇಲೆ ಯಾರಾದರೂ ಆ ಮಾತೆತ್ತಿದರೆ ಮಾವ ಎದ್ದು ಹೋಗುತ್ತಿದ್ದರು.

ಅವರ ಹತ್ತಿರ ಬೇರೆ ಟೇಪು ಇರಲಿಲ್ಲ, ಅಷ್ಟೆ. ಜರ್ಮನಿಗೆ ತರಬೇತಿಗೆ ಹೋಗಿದ್ದ ಸಹೋದ್ಯೋಗಿಯೊಬ್ಬರು ಯಂತ್ರದ ಜೊತೆ ನಾಲ್ಕು ಸ್ಪೂಲು ತಂದುಕೊಟ್ಟಿದ್ದರು. ಅಲ್ಲಿಂದ ಮುಂದೆ ವಿಮಾನ ಹತ್ತುವವರು ಯಾರೇ ಇರಲಿ, ಮಾವ ಅವರ ಕೈಗೊಂದು ಚೀಟಿ ಕೊಡುತ್ತಿದ್ದರು: ‘ಬಿಎಎಸ್‌ಎಫ್ ಅಥವಾ ಆಗ್ಫಾ, ಐದೂಮುಕ್ಕಾಲು ಇಂಚು, ಲಾಂಗ್ ಪ್ಲೇ.’ ಮದರಾಸಿಗೆ ಮದುವೆಗೆ ಹೋದವರು ಬರ್ಮಾ ಬಜಾರಿಗೆ ಹೋಗಿ ವಿಚಾರಿಸಿಯೇ ಬರಬೇಕು. ಬೆಂಗಳೂರಿನಲ್ಲಿ ಎಸ್.ಪಿ. ರಸ್ತೆ. ಅಲ್ಲಿ ಟೇಪು ಸಿಗುವುದು ಅದೃಷ್ಟದ ಮಾತು. ಒಮ್ಮೆ ಸಿಕ್ಕಿದ ಡಬ್ಬಿಯೊಳಗೆ ಮೂರು ತುಂಡು ಟೇಪನ್ನು ಸೆಲ್ಲೋಟೇಪಿನಿಂದ ಅಂಟಿಸಿ ಸುತ್ತಿಟ್ಟಿದ್ದರು. ತುಂಡಾದ ಟೇಪನ್ನು ಓರೆಯಾಗಿ ಕತ್ತರಿಸಿ, ತುದಿಗೆ ತುದಿ ಕೂಡಿಸಿ, ಅದಕ್ಕೆಂದೇ ಇರುವ ಪಟ್ಟಿಯನ್ನು ಹೊಳಪಿನ ಮಗ್ಗುಲಿಗೆ ಅಂಟಿಸಬೇಕು. ಸೆಲ್ಲೋಟೇಪಿನ ಅಂಟು ಬೇಸಗೆಯಲ್ಲಿ ಒಸರಿ ಮೇಲಿನ ಸುತ್ತನ್ನೂ ಹಿಡಿದುಕೊಳ್ಳುತ್ತದೆ. ದೊರೆಸ್ವಾಮಿ ಅಯ್ಯಂಗಾರರ ವೀಣೆಯ ತಾನದ ನಡುವೆ ಆ ಟೇಪು ಜಗ್ಗಿ ನಿಂತದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಐದೂಮುಕ್ಕಾಲು ಇಂಚಿನ ಲಾಂಗ್ ಪ್ಲೇ ಸ್ಪೂಲಿನಲ್ಲಿ 1200 ಅಡಿ ಟೇಪು. ಸೆಕೆಂಡಿಗೆ ಮೂರೂಮುಕ್ಕಾಲು ಇಂಚು ಓಡಿದರೆ ಒಂದು ಮಗ್ಗುಲಿಗೆ 64 ನಿಮಿಷ. ಶನಿವಾರ ರಾತ್ರಿ ಒಂಬತ್ತೂವರೆಗೆ ಆಕಾಶವಾಣಿಯಲ್ಲಿ ಬರುತ್ತಿದ್ದ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ ಒಂದೂವರೆ ಗಂಟೆ. ನಡುವೆ ಸ್ಪೂಲು ತಿರುಗಿಸಿ ಹಾಕಲೇಬೇಕು. ಚಾಮರಾಜಪೇಟೆ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಕಛೇರಿಗಳಂತೂ ಮೂರು ಗಂಟೆಗೆ ಕಡಿಮೆ ಇಲ್ಲ. ಮೈಕ್‌ಸೆಟ್ಟಿನವರನ್ನು ಒಲಿಸಿಕೊಂಡು ಮಾವ ಪ್ಲಗ್ಗಿನ ಪಕ್ಕ ಜಾಗ ಹಿಡಿಯುತ್ತಿದ್ದರು. ಎಡಗಡೆಯ ಸ್ಪೂಲು ನೋಡುತ್ತ ಕೂರುವುದು ನನ್ನ ಕೆಲಸ. ಸುರುಳಿ ಎರಡು ಬೆರಳಿನ ದಪ್ಪಕ್ಕೆ ಇಳಿದಾಗ ಅವರ ಮೊಣಕೈ ಮುಟ್ಟಬೇಕು. ಯಂತ್ರದ ಹಸಿರು ಕಣ್ಣಿನ ಎರಡು ರೆಕ್ಕೆ ಒಂದಕ್ಕೊಂದು ತಾಗಿದರೆ ದನಿ ಒಡೆಯುತ್ತದೆ, ಅದನ್ನೂ ನೋಡಬೇಕು.

ಮೃದಂಗದ ತನಿ ಆವರ್ತನ ಶುರುವಾದರೆ ಮಾವ ಟೇಪು ನಿಲ್ಲಿಸಿಬಿಡುತ್ತಿದ್ದರು. ಹದಿನೈದು ನಿಮಿಷ ಉಳಿದರೆ ಇನ್ನೆರಡು ಕೀರ್ತನೆಗೆ ಜಾಗ ಆಯಿತಲ್ಲ ಎಂಬುದು ಅವರ ಲೆಕ್ಕ. ಹಾಗಾಗಿ ನನ್ನಲ್ಲಿರುವ ಅಷ್ಟೂ ಕಛೇರಿಗಳಲ್ಲಿ ಪಲ್ಲವಿ ಇದೆ, ತನಿ ಇಲ್ಲ. ಮಾವನನ್ನು ನಾನು ದೂರುವುದಿಲ್ಲ. ಆದರೆ ಪಕ್ಕದಲ್ಲೇ ಕೂತು ಕೇಳಿದ ಆ ತನಿಗಳು ಹೋದದ್ದು ಹೋದವೇ.

1963ರಲ್ಲಿ ಫಿಲಿಪ್ಸ್ ಹೊರತಂದ ಕ್ಯಾಸೆಟ್ಟು ಎಂಬತ್ತರ ದಶಕದ ಹೊತ್ತಿಗೆ ನಮ್ಮ ಬೀದಿಬೀದಿಗೂ ಬಂತು. ಸ್ಪೂಲನ್ನು ಕೇಳುವವರೇ ಇಲ್ಲವಾದರು.

ಕಳೆದ ವರ್ಷ ಗ್ರುಂಡಿಗ್ ರಿಪೇರಿಯಾಗಿ ಬಂದಾಗ ನನಗೆ ಮತ್ತೆ ಖಾಲಿ ಟೇಪು ಬೇಕಾಯಿತು. ಯಂತ್ರ ಸರಿಯಾಗಿ ಓಡುತ್ತದೆಯೇ ಎಂದು ಗೊತ್ತಾಗದೆ ಮಾವನ ಸ್ಪೂಲನ್ನು ಅದಕ್ಕೆ ಏರಿಸುವ ಧೈರ್ಯ ನನಗಿಲ್ಲ. ಅಮೆರಿಕದ ಅಲಬಾಮಾದಲ್ಲಿದ್ದ ಕ್ವಾಂಟೆಜಿ ಕಾರ್ಖಾನೆ 2005ರಲ್ಲಿ ಬಾಗಿಲು ಹಾಕಿದಾಗ ಸ್ಟುಡಿಯೊಗಳೇ ಟೇಪಿಗೆ ಪರದಾಡಿದ್ದವು. ಈಗ ಫ್ರಾನ್ಸಿನ ಅವ್ರಾಂಶ್‌ನಲ್ಲಿ, ಹಿಂದೆ ಬಿಎಎಸ್‌ಎಫ್ ಬಳಸುತ್ತಿದ್ದ ಪಾಕದಲ್ಲೇ, ಹೊಸ ಟೇಪು ತಯಾರಾಗುತ್ತದೆ. ತರಿಸಬಹುದು. ಕೊರಿಯರು, ಸುಂಕ ಸೇರಿದರೆ ಒಂದು ಸ್ಪೂಲಿಗೆ ಸಾವಿರಾರು ರೂಪಾಯಿ.

ಅದಕ್ಕೆ ಮೊದಲು ಭಾನುವಾರ ಬೆಳಿಗ್ಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿಗೆ ಹೋದೆ. ಹಳೆಯ ಟೇಪನ್ನು ಮೂಗಿನಿಂದ ಪರೀಕ್ಷೆ ಮಾಡಬೇಕು. ವಿನೆಗರ್ ವಾಸನೆ ಬಂದರೆ ಅದು ಅಸಿಟೇಟು, ಕೊಳೆಯತೊಡಗಿದೆ, ಮುಟ್ಟಬಾರದು. ಆಮೇಲೆ ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಬೇಕು, ಕಂದು ಪುಡಿ ಉದುರಬಾರದು. ವಿಚಿತ್ರವೆಂದರೆ, ಎಪ್ಪತ್ತು–ಎಂಬತ್ತರ ದಶಕದಲ್ಲಿ ಹಿಂಬದಿಗೂ ಲೇಪ ಕೊಟ್ಟು ಮಾಡಿದ ದುಬಾರಿ ಸ್ಟುಡಿಯೊ ಟೇಪುಗಳೇ ಹೆಚ್ಚು ಕೆಟ್ಟಿವೆ. ಅವುಗಳ ಅಂಟು ಗಾಳಿಯ ತೇವ ಹೀರಿ ಜಿಗುಟಾಗುತ್ತದೆ, ಹೆಡ್ಡಿಗೆ ಮೆತ್ತಿಕೊಂಡು ಕಿರುಗುಟ್ಟುತ್ತದೆ. ಐವತ್ತು ಡಿಗ್ರಿಗಿಂತ ತುಸು ಹೆಚ್ಚಿನ ಹದವಾದ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟರೆ ಕೆಲವು ದಿನದ ಮಟ್ಟಿಗೆ ಹಾಡುತ್ತವೆ. ಅರವತ್ತರ ದಶಕದ ಮನೆಬಳಕೆಯ ಪಾಲಿಯೆಸ್ಟರ್ ಟೇಪುಗಳಲ್ಲಿ ಎಷ್ಟೋ ಇನ್ನೂ ಗಟ್ಟಿಮುಟ್ಟಾಗಿವೆ.

ಸಿಕ್ಕಿದ್ದು ಅಂಥದೇ ಒಂದು ಆಗ್ಫಾ ಸ್ಪೂಲು. ಡಬ್ಬಿಯ ಮೇಲೆ ಏನೂ ಬರೆದಿರಲಿಲ್ಲ. ಹಾಕಿ ಕೇಳಿದೆ. ಹುಡುಗಿಯೊಬ್ಬಳು ಹದಿಮೂರರ ಮಗ್ಗಿ ಹೇಳುತ್ತಿದ್ದಾಳೆ. ಹದಿಮೂರೇಳಲಿಗೆ ತಡವರಿಸುತ್ತಾಳೆ. ‘ತೊಂಬತ್ತೊಂದು ಕಣೇ’ ಎಂದು ಹೆಂಗಸೊಬ್ಬರು ದೂರದಿಂದ ಕೂಗುತ್ತಾರೆ. ಹಿಂದೆ ಪಂಪ್ ಸ್ಟೋವಿನ ಸದ್ದು. ಹೀಗೆ ಹದಿನಾಲ್ಕು ನಿಮಿಷ, ಆಮೇಲೆ ಬರೀ ಗೊರಗೊರ.

ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡೆ. ಮಾವನ ಕಾಲದಲ್ಲಿ ಈ ಅನುಕೂಲ ಇದ್ದಿದ್ದರೆ ಏಳನೇ ಸ್ಪೂಲಿನಲ್ಲಿ ಚೌಡಯ್ಯನವರೂ ನಾಮಕರಣವೂ ಎರಡೂ ಉಳಿಯುತ್ತಿದ್ದವು. ಆಮೇಲೆ ಅದೇ ಟೇಪಿನ ಮೇಲೆ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯ ನಾದವನ್ನು ಅರ್ಧ ಗಂಟೆ ರೆಕಾರ್ಡು ಮಾಡಿ ಕೇಳಿದೆ. ಮೋಟರಾಗಲಿ ಬೆಲ್ಟಾಗಲಿ ತೂಗಾಡಿದರೆ ಷಡ್ಜ ಅಲುಗುತ್ತದೆ. ಅಲುಗಲಿಲ್ಲ.

ಮಾವನ ಪುಸ್ತಕ ತೆಗೆದು ಇಪ್ಪತ್ತನೇ ಸ್ಪೂಲಿಗೆ ಪುಟ ಮಾಡಿದೆ. ಮೊದಲ ಸಾಲಿನಲ್ಲಿ ‘ಮಗ್ಗಿ, ಹುಡುಗಿ, ಹೆಸರು ತಿಳಿಯದು’ ಎಂದು ಬರೆದು, ಅದರ ಮೇಲೆ ಕೆಂಪು ಗೆರೆ ಎಳೆದೆ.